ಗ್ರಹಗಳ ಲೆಕ್ಕ ಬರೆದ ಹೆಂಗಸರು

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಪುಣೆಯ ನಮ್ಮ ಮನೆಗೆ ಬಂದಿದ್ದಳು. ಐದನೇ ಕ್ಲಾಸು ಮುಗಿಸಿದ ಹುಡುಗಿ. ಗೋಡೆಗೆ ಸೌರವ್ಯೂಹದ ಚಿತ್ರ ಅಂಟಿಸುತ್ತಾ ಇದ್ದಕ್ಕಿದ್ದ ಹಾಗೆ ಕೇಳಿದಳು: “ಅಜ್ಜಿ, ಭೂಮಿ ಇಷ್ಟು ವರ್ಷದಿಂದ ಸುತ್ತುತ್ತಾನೇ ಇದೆಯಲ್ಲ, ಅದಕ್ಕೆ ಪೆಟ್ರೋಲ್ ಯಾರು ಹಾಕ್ತಾರೆ?”

ಬಹಳ ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಉತ್ತರ ಕೊಡಲು ಕಷ್ಟವಾಗಲಿಲ್ಲ. ಕೆಪ್ಲರ್, ನ್ಯೂಟನ್, ಹ್ಯಾಲಿ ಎಂದು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದೆ. ಎಲ್ಲವನ್ನೂ ಕೇಳಿಸಿಕೊಂಡು ಎರಡನೆಯ ಪ್ರಶ್ನೆ ಹಾಕಿದಳು: “ಎಲ್ಲರೂ ತಾತಂದಿರೇನಾ? ಒಬ್ಬ ಅಜ್ಜೀನೂ ಇಲ್ವಾ?”

“ಆ ಕಾಲದಲ್ಲಿ ಹೆಣ್ಣುಮಕ್ಕಳನ್ನ ಓದಿಸ್ತಾ ಇರಲಿಲ್ಲ ಪುಟ್ಟಿ” ಅಂದುಬಿಟ್ಟೆ. ತರಗತಿಯಲ್ಲಿಯೂ ಎಷ್ಟೋ ಸಲ ಹೀಗೆಯೇ ಹೇಳಿದ್ದೇನೆ. ಅವಳು ಊರಿಗೆ ಹೋದ ಮೇಲೆ ಅದು ಮನಸ್ಸಿನಲ್ಲಿ ಕೊರೆಯತೊಡಗಿತು. ನಾನು ಹೇಳಿದ್ದು ಅರ್ಧ ಸತ್ಯ. ಅಜ್ಜಿಯರಿದ್ದರು. ಅವರ ಹೆಸರುಗಳು ನಮ್ಮ ಪಠ್ಯಪುಸ್ತಕದವರೆಗೆ ಬರಲಿಲ್ಲ, ಅಷ್ಟೆ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯ ನೆಪದಲ್ಲಿ ಬರೆಯುತ್ತಿದ್ದೇನೆ.

ಎಂಟು ಕಲೆಯ ವ್ಯತ್ಯಾಸ

ಕಥೆ ಶುರುವಾಗುವುದು ಮಂಗಳ ಗ್ರಹದಿಂದ. ಡೆನ್ಮಾರ್ಕಿನ ಟೈಕೋ ಬ್ರಾಹೆ ದೂರದರ್ಶಕ ಬರುವುದಕ್ಕೆ ಮೊದಲೇ, ಬರಿಗಣ್ಣಿನಿಂದ, ದೊಡ್ಡ ದೊಡ್ಡ ಕೋನಮಾಪಕಗಳನ್ನು ಇಟ್ಟುಕೊಂಡು ಗ್ರಹಗಳ ಸ್ಥಾನ ಗುರುತು ಮಾಡುತ್ತಿದ್ದ. 1573ರ ಚಂದ್ರಗ್ರಹಣವನ್ನು ಅವನು ವೀಕ್ಷಿಸಿದಾಗ ಜೊತೆಗಿದ್ದು ನೆರವಾದವಳು ಅವನ ತಂಗಿ ಸೋಫಿ. ನಮ್ಮ ಪಟ್ಟಿಯ ಮೊದಲ ಹೆಸರು ಅಲ್ಲಿಯೇ ಸಿಗುತ್ತದೆ.

1601ರಲ್ಲಿ ಟೈಕೋ ತೀರಿಕೊಂಡ ಮೇಲೆ ಅವನ ಬರಹಗಳು ಸಹಾಯಕನಾಗಿದ್ದ ಯೋಹಾನೆಸ್ ಕೆಪ್ಲರನ ಕೈಗೆ ಬಂದವು. ಗ್ರಹಗಳು ವೃತ್ತದಲ್ಲಿಯೇ ಸುತ್ತಬೇಕು ಎಂಬುದು ಎರಡು ಸಾವಿರ ವರ್ಷಗಳ ನಂಬಿಕೆ. ಕೆಪ್ಲರ್ ಮಂಗಳನನ್ನು ವೃತ್ತದಲ್ಲಿ ಕೂರಿಸಲು ವರ್ಷಗಟ್ಟಲೆ ಒದ್ದಾಡಿದ. ಕೊನೆಗೆ ಉಳಿದ ವ್ಯತ್ಯಾಸ ಎಂಟು ಕಲೆ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಕಲೆ ಎಂದು ಹೆಸರು. ಹುಣ್ಣಿಮೆ ಚಂದ್ರನ ಅಗಲ ಸುಮಾರು ಮೂವತ್ತು ಕಲೆ. ಎಂಟು ಕಲೆ ಎಂದರೆ ಅದರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಬೇರೆ ಯಾರಾದರೂ ಆಗಿದ್ದರೆ “ಇರಲಿ ಬಿಡಿ” ಎನ್ನುತ್ತಿದ್ದರು. ಟೈಕೋನ ವೀಕ್ಷಣೆ ಅಷ್ಟು ತಪ್ಪಲಾರದು ಎಂದು ಕೆಪ್ಲರನಿಗೆ ಗೊತ್ತಿತ್ತು. ಅವನು ವೃತ್ತವನ್ನೇ ಕೈಬಿಟ್ಟ.

1609ರ ಅವನ ಪುಸ್ತಕದಲ್ಲಿ ಎರಡು ನಿಯಮಗಳಿವೆ. ಗ್ರಹದ ದಾರಿ ದೀರ್ಘವೃತ್ತ, ಅದರ ಒಂದು ನಾಭಿಯಲ್ಲಿ ಸೂರ್ಯ. ಎರಡು ಮೊಳೆಗೆ ಸಡಿಲವಾಗಿ ದಾರ ಕಟ್ಟಿ, ದಾರವನ್ನು ಬಿಗಿ ಹಿಡಿದು ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದರೆ ಬರುವ ಆಕಾರ ಅದು; ಮೊಳೆಗಳಿರುವ ಜಾಗವೇ ನಾಭಿ. ಎರಡನೆಯದು, ಗ್ರಹ ಸೂರ್ಯನ ಹತ್ತಿರ ಬಂದಾಗ ವೇಗ ಹೆಚ್ಚು, ದೂರ ಹೋದಾಗ ಕಡಿಮೆ. ಸೂರ್ಯನಿಂದ ಗ್ರಹಕ್ಕೆ ಎಳೆದ ರೇಖೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣ ಸವರುತ್ತದೆ.

ಇದು ನಮ್ಮ ಕ್ಯಾಲೆಂಡರಿನಲ್ಲೇ ಕಾಣುತ್ತದೆ. ಸಂಕ್ರಾಂತಿಗೆ ನಾವು ಎಳ್ಳು ಬೀರುವ ಹತ್ತು ಹನ್ನೊಂದು ದಿನ ಮೊದಲು ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುತ್ತದೆ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ. ಜನವರಿಯಲ್ಲಿ ಭೂಮಿಯ ವೇಗ ಸೆಕೆಂಡಿಗೆ 30.3 ಕಿ.ಮೀ., ಜುಲೈಯಲ್ಲಿ 29.3. ಆದ್ದರಿಂದಲೇ ಮಾರ್ಚಿನ ಸಮಹಗಲಿನಿಂದ ಸೆಪ್ಟೆಂಬರಿನ ಸಮಹಗಲಿಗೆ 186 ದಿನ, ಅಲ್ಲಿಂದ ಮತ್ತೆ ಮಾರ್ಚಿಗೆ 179 ದಿನ. ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಬಹುದು.

1619ರಲ್ಲಿ ಬಂದದ್ದು ಮೂರನೆಯ ನಿಯಮ: ಸುತ್ತುವ ಕಾಲದ ವರ್ಗ, ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಗೆ ಹೋಲಿಸಿದರೆ ಗುರುವಿನ ದೂರ 5.2 ಪಾಲು, ಸುತ್ತಲು ಬೇಕಾದ ಕಾಲ 11.86 ವರ್ಷ. 5.2ರ ಘನ ಮಾಡಿ, 11.86ರ ವರ್ಗ ಮಾಡಿ: ಎರಡೂ ಸುಮಾರು 140.6. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ, ಶನಿ ಎರಡೂವರೆ ವರ್ಷ ಇರುತ್ತಾನೆ ಎಂದು ಅಮ್ಮ ಹೇಳುತ್ತಿದ್ದುದರ ಹಿಂದಿನ ಲೆಕ್ಕವೂ ಇದೇ.

ಈ ಮೂರನೆಯ ನಿಯಮ ಹೊಳೆದ ವರ್ಷಗಳಲ್ಲಿಯೇ ಕೆಪ್ಲರನ ತಾಯಿ ಕ್ಯಾಥರೀನಾಳ ಮೇಲೆ ಮಾಟಗಾತಿ ಎಂಬ ಆರೋಪ ಬಂದಿತ್ತು. ಗಿಡಮೂಲಿಕೆ ಬಲ್ಲ ಮುದುಕಿ. ಅವಳು ಕೊಟ್ಟ ಪಾನೀಯ ಕುಡಿದು ಕಾಯಿಲೆಯಾಯಿತು ಎಂದು ನೆರೆಯವಳೊಬ್ಬಳು 1615ರಲ್ಲಿ ದೂರಿದಳು. 1620ರಲ್ಲಿ ಬಂಧಿಸಿ, ಎಪ್ಪತ್ತು ದಾಟಿದ ಹೆಂಗಸನ್ನು ಹದಿನಾಲ್ಕು ತಿಂಗಳು ಸಂಕೋಲೆಯಲ್ಲಿ ಇಟ್ಟರು. ಚಿತ್ರಹಿಂಸೆಯ ಸಲಕರಣೆ ತೋರಿಸಿ ಹೆದರಿಸಿದರೂ ಅವಳು ಮಾಡದ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಮಗನೇ ಊರಿಗೆ ಬಂದು ವಾದ ಸಿದ್ಧಪಡಿಸಿ 1621ರಲ್ಲಿ ಬಿಡಿಸಿದ. ಮರುವರ್ಷವೇ ಅವಳು ತೀರಿಕೊಂಡಳು. ಹೆಂಗಸು ಏನಾದರೂ ಬಲ್ಲವಳು ಎಂಬುದೇ ಅಪಾಯವಾಗಿದ್ದ ಕಾಲ ಅದು. ಮುಂದೆ ಬರುವ ಮೂವರನ್ನು ಇದನ್ನು ನೆನಪಿನಲ್ಲಿಟ್ಟುಕೊಂಡೇ ನೋಡಬೇಕು.

ಮರಿಯಾ ಕುನಿಟ್ಸ್: ಕಷ್ಟದ ಲೆಕ್ಕ ಸುಲಭ ಮಾಡಿದವಳು

ನಿಯಮ ಗೊತ್ತಿದ್ದರೆ ಸಾಲದು. “ಬರುವ ಶುಕ್ರವಾರ ರಾತ್ರಿ ಮಂಗಳ ಎಲ್ಲಿರುತ್ತದೆ?” ಎಂದರೆ ಉತ್ತರ ಬೇಕು. ನಮ್ಮಲ್ಲಿ ಪಂಚಾಂಗ ಗುಣಿಸುವವರು ಕೋಷ್ಟಕ ಇಟ್ಟುಕೊಂಡ ಹಾಗೆ, ಯುರೋಪಿನವರಿಗೆ 1627ರಲ್ಲಿ ಕೆಪ್ಲರ್ ಪ್ರಕಟಿಸಿದ ‘ರುಡಾಲ್ಫಿನ್ ಕೋಷ್ಟಕಗಳು’ ಇದ್ದವು. ಆದರೆ ಅವನ್ನು ಬಳಸಲು ಲಾಗರಿದಮ್ ಬೇಕಿತ್ತು. ಆಗ ಅದು ಹೊಸ ವಿದ್ಯೆ, ಬಲ್ಲವರು ಕಡಿಮೆ.

ಈಗ ಪೋಲೆಂಡಿಗೆ ಸೇರಿರುವ ಸೈಲೀಷಿಯಾ ಪ್ರಾಂತದಲ್ಲಿ ಮರಿಯಾ ಕುನಿಟ್ಸ್ ಎಂಬ ವೈದ್ಯನ ಮಗಳಿದ್ದಳು. ಲ್ಯಾಟಿನ್, ಗ್ರೀಕ್ ಸೇರಿ ಹಲವು ಭಾಷೆ ಕಲಿತವಳು. ಗಂಡ ಎಲಿಯಾಸ್ ಫಾನ್ ಲೋವೆನ್ ಕೂಡ ವೈದ್ಯ, ಖಗೋಳದಲ್ಲಿ ಆಸಕ್ತ. ಮೂವತ್ತು ವರ್ಷಗಳ ಯುದ್ಧದಲ್ಲಿ ಪ್ರಾಟೆಸ್ಟಂಟರಾದ ದಂಪತಿ ಊರು ಬಿಟ್ಟು ಓಡಬೇಕಾಯಿತು. ಆಶ್ರಯ ಕೊಟ್ಟದ್ದು ಒಂದು ಕ್ಯಾಥೊಲಿಕ್ ಸನ್ಯಾಸಿನಿಯರ ಮಠ. ಅಲ್ಲಿ ಕುಳಿತು ಆಕೆ ಕೆಪ್ಲರನ ಕೋಷ್ಟಕಗಳನ್ನು ಲಾಗರಿದಮ್ ಇಲ್ಲದೆಯೇ ಬಳಸುವಂತೆ ತಿರುಗಿ ಗುಣಿಸಿದಳು.

1650ರಲ್ಲಿ ‘ಉರಾನಿಯಾ ಪ್ರೊಪಿಶಿಯಾ’ ಎಂಬ ಹೆಸರಿನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದಳು. ಕೆಪ್ಲರನ ಕೆಲವು ತಪ್ಪುಗಳನ್ನು ತಿದ್ದಿದ್ದಳು. ಸುಲಭ ಮಾಡುವ ಭರದಲ್ಲಿ ಸಣ್ಣ ಪದಗಳನ್ನು ಬಿಟ್ಟದ್ದರಿಂದ ಕೆಲವು ಹೊಸ ತಪ್ಪುಗಳೂ ಸೇರಿಕೊಂಡವು. ನನಗೆ ಬಹಳ ಹಿಡಿಸಿದ್ದು ಬೇರೊಂದು ಸಂಗತಿ: ಪಂಡಿತರ ಲ್ಯಾಟಿನ್ನಿನ ಜೊತೆಗೆ ಮನೆಮಾತಾದ ಜರ್ಮನ್‌ನಲ್ಲಿಯೂ ವಿವರಣೆ ಕೊಟ್ಟಳು. ಹೊರನಾಡಿನಲ್ಲಿ ಕುಳಿತು ಮನೆಭಾಷೆಯನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಅದರ ಬೆಲೆ ಗೊತ್ತು.

ಪುಸ್ತಕವನ್ನು ಗಂಡನೇ ಬರೆದಿರಬೇಕು ಎಂಬ ಮಾತು ಬರಬಹುದೆಂಬ ಅಳುಕು ಇಬ್ಬರಿಗೂ ಇತ್ತು. ಎಲಿಯಾಸ್ ಮುನ್ನುಡಿ ಬರೆದು, ಕೆಲಸ ಹೆಂಡತಿಯದು, ತನ್ನದಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಹೆಂಡತಿಯ ದುಡಿಮೆಗೆ ಗಂಡ ಸಾಕ್ಷಿ ನಿಲ್ಲಬೇಕಾಯಿತು. ನಿಂತನಲ್ಲ, ಅದೂ ದೊಡ್ಡದೇ. ಮುಂದೆ ಊರಿಗೆ ಬೆಂಕಿ ಬಿದ್ದಾಗ ದಂಪತಿಯ ಕಾಗದಪತ್ರಗಳೆಲ್ಲ ಸುಟ್ಟುಹೋದವು. 1664ರಲ್ಲಿ ಆಕೆ ತೀರಿಕೊಂಡಳು. ಇವತ್ತು ಶುಕ್ರ ಗ್ರಹದ ಮೇಲಿನ ಒಂದು ಕುಳಿಗೆ ಆಕೆಯ ಹೆಸರಿದೆ.

ಎಮಿಲಿ ದು ಶಾತ್ಲೆ: ಮೆತ್ತನೆ ಮಣ್ಣು, ಹಿತ್ತಾಳೆ ಗುಂಡು

1687ರಲ್ಲಿ ನ್ಯೂಟನ್‌ನ ‘ಪ್ರಿನ್ಸಿಪಿಯಾ’ ಬಂತು. ಕೆಪ್ಲರನ ನಿಯಮಗಳು ಹಾಗೇಕೆ ಇವೆ ಎಂಬುದಕ್ಕೆ ಗುರುತ್ವಾಕರ್ಷಣೆ ಉತ್ತರವಾಯಿತು. ಚಲಿಸುತ್ತಿರುವ ವಸ್ತುವಿಗೆ ಅಡ್ಡಿ ಇಲ್ಲದಿದ್ದರೆ ಅದು ಹೋಗುತ್ತಲೇ ಇರುತ್ತದೆ. ಸೂರ್ಯನ ಸೆಳೆತ ಅದರ ದಾರಿಯನ್ನು ಬಗ್ಗಿಸುತ್ತದೆ. ಪೆಟ್ರೋಲಿನ ಪ್ರಶ್ನೆಗೆ ಇದು ಅರ್ಧ ಉತ್ತರ. ವೇಗ ಏರಿ ಇಳಿಯುವಾಗ ಏನು ಖರ್ಚಾಗುತ್ತದೆ, ಏನು ಜಮೆಯಾಗುತ್ತದೆ ಎಂಬುದು ಇನ್ನರ್ಧ. ಅದಕ್ಕೆ ಶಕ್ತಿ ಎಂಬ ಕಲ್ಪನೆ ಬೇಕು. ಇಲ್ಲಿ ಬರುತ್ತಾಳೆ ಎಮಿಲಿ ದು ಶಾತ್ಲೆ.

1706ರಲ್ಲಿ ಪ್ಯಾರಿಸ್ಸಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವಳು. ಹದಿನೆಂಟಕ್ಕೆ ಮದುವೆ, ಮೂರು ಮಕ್ಕಳು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಮನೆಗೆ ಗಣಿತದವರನ್ನು ಕರೆಸಿ ಕಲಿತಳು. 1738ರ ಬಹುಮಾನಕ್ಕೆ ಅಕಾಡೆಮಿ ಬೆಂಕಿಯ ಸ್ವರೂಪದ ಮೇಲೆ ಪ್ರಬಂಧ ಸ್ಪರ್ಧೆ ಇಟ್ಟಾಗ, ಜೊತೆಯಲ್ಲಿದ್ದ ವಾಲ್ಟೇರನಿಗೂ ಹೇಳದೆ ರಾತ್ರಿಗಳಲ್ಲಿ ಕುಳಿತು ಬರೆದು ಕಳಿಸಿದಳು. ಇಬ್ಬರಿಗೂ ಬಹುಮಾನ ಬರಲಿಲ್ಲ, ಇಬ್ಬರ ಪ್ರಬಂಧಗಳೂ ಅಚ್ಚಾದವು. ಬೇರೆ ಬೇರೆ ಬಣ್ಣದ ಕಿರಣಗಳಿಗೆ ಬೇರೆ ಬೇರೆ ಪ್ರಮಾಣದ ಬಿಸಿ ಇರಬಹುದು ಎಂಬ ಊಹೆ ಅದರಲ್ಲಿತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಒಡೆದು ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿ ಅದನ್ನೇ ಕಂಡ.

ಆಗ ಯುರೋಪಿನಲ್ಲಿ ದೊಡ್ಡ ಜಗಳವೊಂದು ನಡೆದಿತ್ತು. ಚಲಿಸುವ ವಸ್ತುವಿನ ಬಲವನ್ನು ಅಳೆಯುವುದು ಹೇಗೆ? ತೂಕವನ್ನು ವೇಗದಿಂದ ಗುಣಿಸಿ ಎಂದಿತು ಒಂದು ಪಕ್ಷ. ವೇಗದ ವರ್ಗದಿಂದ ಗುಣಿಸಿ ಎಂದ ಜರ್ಮನಿಯ ಲೈಬ್ನಿಟ್ಸ್. ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ವೇಗ ಎರಡು ಪಟ್ಟಾದರೆ ಗುಂಡು ಮಾಡಿದ ಕುಳಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಪ್ರಯೋಗ ಎಮಿಲಿಯದಲ್ಲ. ಅದರ ಅರ್ಥ ಏನೆಂದು ಫ್ರೆಂಚರಿಗೆ ಬಿಡಿಸಿ ಹೇಳಿದವಳು ಅವಳು. ಮಗನ ಓದಿಗೆಂದು ಬರೆಯುತ್ತಿರುವುದಾಗಿ ಹೇಳಿಕೊಂಡ 1740ರ ಭೌತಶಾಸ್ತ್ರ ಪುಸ್ತಕದಲ್ಲಿ, ತಾನು ಮೆಚ್ಚಿದ ನ್ಯೂಟನ್‌ನ ಅನುಯಾಯಿಗಳ ಮಾತನ್ನೇ ಬದಿಗಿಟ್ಟು, ಈ ವಿಷಯದಲ್ಲಿ ಲೈಬ್ನಿಟ್ಸ್ ಸರಿ ಎಂದು ವಾದಿಸಿದಳು. ಅಕಾಡೆಮಿಯ ಕಾರ್ಯದರ್ಶಿ ಮೆರಾನ್ ಕೆರಳಿ ಉತ್ತರ ಬರೆದ. ಆಕೆ ಕೆಲವೇ ವಾರಗಳಲ್ಲಿ ಒಂದೊಂದು ಅಂಶಕ್ಕೂ ಪ್ರತ್ಯುತ್ತರ ಅಚ್ಚು ಹಾಕಿಸಿದಳು. ಪಾಠ ಹೇಳಲು ಬಂದಿದ್ದ ಸ್ಯಾಮುಯೆಲ್ ಕೋನಿಗ್ ಎಂಬವನು ಆ ಪುಸ್ತಕ ತನ್ನ ಪಾಠದ ನಕಲು ಎಂದು ಸುದ್ದಿ ಹಬ್ಬಿಸಿದ. ಮರಿಯಾಳ ಗಂಡನಿಗಿದ್ದ ಅಳುಕು ಎಮಿಲಿಯ ಪಾಲಿಗೆ ನಿಜವಾಯಿತು.

ವರ್ಗದ ಮಾತು ನಮಗೂ ಬೇಕಾದದ್ದೇ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ವೇಗ 40ರಿಂದ 80ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ಕಾರು ಜಾರುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇವತ್ತು ಇದಕ್ಕೆ ಚಲನಶಕ್ತಿ ಎನ್ನುತ್ತೇವೆ. ಲೆಕ್ಕಕ್ಕೆ ‘ಅರ್ಧ’ ಎಂಬುದು 1829ರಲ್ಲಿ ಕೊರಿಯೊಲಿಸ್‌ನಿಂದ ಸೇರಿತು. ಸ್ಥಾನದಿಂದ ಬರುವ ಶಕ್ತಿಗೆ ಪ್ರಚ್ಛನ್ನಶಕ್ತಿ ಎಂಬ ಅರ್ಥದ ಹೆಸರನ್ನು 1853ರಲ್ಲಿ ರ‍್ಯಾಂಕಿನ್ ಕೊಟ್ಟ. ಎರಡನ್ನೂ ಒಟ್ಟಿಗೆ ನೋಡಲು ಉಯ್ಯಾಲೆ ಸಾಕು. ತುದಿಗೆ ಹೋದಾಗ ಕ್ಷಣ ನಿಲ್ಲುತ್ತದೆ: ಚಲನಶಕ್ತಿ ಇಲ್ಲ, ಎತ್ತರದಲ್ಲಿ ಪ್ರಚ್ಛನ್ನಶಕ್ತಿ ತುಂಬಿದೆ. ಕೆಳಗೆ ಬಂದಾಗ ಜೋರು: ಪ್ರಚ್ಛನ್ನಶಕ್ತಿ ಇಳಿದು ಚಲನಶಕ್ತಿಯಾಗಿದೆ. ಗ್ರಹವೂ ಹಾಗೆಯೇ. ಸೂರ್ಯನತ್ತ ಬರುವಾಗ ಒಂದು ಖಾತೆಯಿಂದ ಇನ್ನೊಂದಕ್ಕೆ, ದೂರ ಹೋಗುವಾಗ ವಾಪಸ್. ನಮ್ಮ ಉಯ್ಯಾಲೆಯನ್ನು ಗಾಳಿ, ಕೊಂಡಿಯ ಘರ್ಷಣೆ ನಿಲ್ಲಿಸುತ್ತವೆ. ಗ್ರಹದ ದಾರಿಯಲ್ಲಿ ಅಂಥ ಅಡ್ಡಿ ಇಲ್ಲವೆಂದೇ ಹೇಳಬಹುದು. ಒಟ್ಟು ಮೊತ್ತ ಖರ್ಚಾಗದಿದ್ದರೆ ಪೆಟ್ರೋಲು ಏಕೆ?

ಎಮಿಲಿಯ ಕೊನೆಯ ಕೆಲಸ ‘ಪ್ರಿನ್ಸಿಪಿಯಾ’ದ ಫ್ರೆಂಚ್ ಅನುವಾದ, ಜೊತೆಗೆ ಆಕೆಯದೇ ವ್ಯಾಖ್ಯಾನ. ನಲವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಗರ್ಭಿಣಿಯಾದಳು. ಆ ಕಾಲದಲ್ಲಿ ಹೆರಿಗೆ ಎಂದರೆ ಏನೆಂದು ಗೊತ್ತಿದ್ದವಳು. 1749ರ ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನ 3ರವರೆಗೆ, ಸಂಜೆ 4ರಿಂದ ರಾತ್ರಿ 10ರವರೆಗೆ, ಮತ್ತೆ ನಡುರಾತ್ರಿಯಿಂದ ಬೆಳಗಿನ ಜಾವ 5ರವರೆಗೆ ಬರೆಯುತ್ತಿದ್ದಳು. ಹಸ್ತಪ್ರತಿಯನ್ನು ರಾಜನ ಗ್ರಂಥಾಲಯಕ್ಕೆ ಒಪ್ಪಿಸಿದಳು. ಸೆಪ್ಟೆಂಬರ್ ಮೊದಲ ವಾರ ಹೆಣ್ಣುಮಗು ಹುಟ್ಟಿತು. 10ರಂದು ತಾಯಿ ತೀರಿಕೊಂಡಳು. ಮಗುವೂ ಬಹಳ ದಿನ ಉಳಿಯಲಿಲ್ಲ.

ಅನುವಾದ ಪೂರ್ತಿಯಾಗಿ ಪ್ರಕಟವಾದದ್ದು ಹತ್ತು ವರ್ಷಗಳ ನಂತರ, 1759ರಲ್ಲಿ. ಆ ವರ್ಷ ಫ್ರಾನ್ಸಿನಲ್ಲಿ ನ್ಯೂಟನ್‌ನ ಹೆಸರು ಎಲ್ಲರ ಬಾಯಲ್ಲಿತ್ತು. ಆಕಾಶದಲ್ಲಿ ಒಂದು ಧೂಮಕೇತು ಬಂದಿತ್ತು.

ನಿಕೋಲ್-ರೇನ್ ಲೆಪೋಟ್: 618 ದಿನ

1682ರಲ್ಲಿ ಕಂಡ ಧೂಮಕೇತು 1607 ಮತ್ತು 1531ರಲ್ಲಿ ಕಂಡದ್ದೇ ಆಗಿರಬೇಕು, 1758ರ ಹೊತ್ತಿಗೆ ಮರಳಿ ಬರಬೇಕು ಎಂದು ಎಡ್ಮಂಡ್ ಹ್ಯಾಲಿ ಹೇಳಿದ್ದ. ಅದನ್ನು ನೋಡಲು ಅವನು ಬದುಕಿರಲಿಲ್ಲ, 1742ರಲ್ಲಿಯೇ ತೀರಿಕೊಂಡಿದ್ದ. ಸರಿಯಾಗಿ ಯಾವ ತಿಂಗಳು ಬರುತ್ತದೆ ಎಂಬುದೇ ಪ್ರಶ್ನೆ. ದಾರಿಯಲ್ಲಿ ಗುರು ಮತ್ತು ಶನಿ ಗ್ರಹಗಳು ಅದನ್ನು ಸೆಳೆಯುತ್ತವೆ. ಆ ಸೆಳೆತದಿಂದ ಧೂಮಕೇತುವಿನ ಶಕ್ತಿಯ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಸುತ್ತುವ ಕಾಲವೂ ಬದಲಾಗುತ್ತದೆ.

ಈ ಲೆಕ್ಕಕ್ಕೆ ಕೈ ಹಾಕಿದವರು ಮೂವರು. ಗಣಿತಜ್ಞ ಅಲೆಕ್ಸಿಸ್ ಕ್ಲೆರೋ, ಖಗೋಳಜ್ಞ ಜೆರೋಮ್ ಲಲಾಂಡ್ ಮತ್ತು ಗಡಿಯಾರ ತಯಾರಕನೊಬ್ಬನ ಹೆಂಡತಿ ನಿಕೋಲ್-ರೇನ್ ಲೆಪೋಟ್. ಇದೇ ಕ್ಲೆರೋ ಎಮಿಲಿಗೆ ಗಣಿತ ಹೇಳಿಕೊಟ್ಟು, ಆಕೆಯ ಅನುವಾದವನ್ನು ಪರಿಶೀಲಿಸಿದವನು. ನಿಕೋಲ್ 1723ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ಗಂಡ 1755ರಲ್ಲಿ ಪ್ರಕಟಿಸಿದ ಗಡಿಯಾರಶಾಸ್ತ್ರದ ಪುಸ್ತಕಕ್ಕೆ ಲೋಲಕದ ತೂಗಾಟದ ಕೋಷ್ಟಕ ಗುಣಿಸಿಕೊಟ್ಟಿದ್ದಳು.

1757ರ ಜೂನ್‌ನಿಂದ ಲಲಾಂಡ್ ಮತ್ತು ನಿಕೋಲ್ ಆರು ತಿಂಗಳಿಗೂ ಹೆಚ್ಚು ಕಾಲ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಮೇಜಿನಲ್ಲಿಯೂ ಲೆಕ್ಕ ಹಾಕಿದರು. ನೂರೈವತ್ತು ವರ್ಷಗಳ ಅವಧಿಯಲ್ಲಿ ಧೂಮಕೇತುವಿಗೆ ಗುರು, ಶನಿ ಎಷ್ಟು ದೂರದಲ್ಲಿದ್ದವು, ಎಷ್ಟು ಸೆಳೆದವು ಎಂದು ಹಂತಹಂತವಾಗಿ ಗುಣಿಸಬೇಕು. ಕೈಯಲ್ಲಿ ಇದ್ದದ್ದು ಲೇಖನಿ, ಕಾಗದ. ಒಂದು ಕಡೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಆಕೆ ಇಲ್ಲದಿದ್ದರೆ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಧೈರ್ಯವೇ ತನಗೆ ಬರುತ್ತಿರಲಿಲ್ಲ ಎಂಬ ಅರ್ಥದಲ್ಲಿ ಲಲಾಂಡ್ ಮುಂದೆ ಬರೆದ.

1758ರ ನವೆಂಬರಿನಲ್ಲಿ ಕ್ಲೆರೋ ಅಕಾಡೆಮಿಯಲ್ಲಿ ಫಲಿತಾಂಶ ಓದಿದ. ಹಿಂದಿನ ಸುತ್ತಿಗಿಂತ ಈ ಸಲ 618 ದಿನ ತಡ: ಗುರುವಿನಿಂದ 518, ಶನಿಯಿಂದ 100. ಏಪ್ರಿಲ್ ಮಧ್ಯದಲ್ಲಿ ಸೂರ್ಯನಿಗೆ ಅತಿ ಸಮೀಪ ಬರುತ್ತದೆ, ಒಂದು ತಿಂಗಳು ಆಚೀಚೆ ಆಗಬಹುದು. ಆ ವರ್ಷದ ಕ್ರಿಸ್‌ಮಸ್ ರಾತ್ರಿ ಜರ್ಮನಿಯ ಪಾಲಿಚ್ ಎಂಬ ರೈತ ಧೂಮಕೇತುವನ್ನು ಮೊದಲು ಕಂಡ. 1759ರ ಮಾರ್ಚ್ 13ರಂದು ಅದು ಸೂರ್ಯನ ಸಮೀಪ ಹಾದುಹೋಯಿತು. ಎಪ್ಪತ್ತಾರು ವರ್ಷದ ಪ್ರಯಾಣದಲ್ಲಿ ತಪ್ಪಿದ್ದು ಒಂದು ತಿಂಗಳು. ಗ್ರಹಗಳಿಗಷ್ಟೇ ಅಲ್ಲ, ಧೂಮಕೇತುವಿಗೂ ಅದೇ ಕಾನೂನು ಎಂದು ಲೋಕಕ್ಕೆ ಖಾತ್ರಿಯಾಯಿತು.

1760ರಲ್ಲಿ ಕ್ಲೆರೋ ಧೂಮಕೇತುವಿನ ಬಗ್ಗೆ ಪುಸ್ತಕ ತಂದ. ಅದರಲ್ಲಿ ನಿಕೋಲ್‌ಳ ಹೆಸರಿಲ್ಲ. ಮೊದಲು ಬರೆದಿದ್ದ ಮೆಚ್ಚುಗೆಯನ್ನು ಆಮೇಲೆ ಅವನೇ ತೆಗೆದುಹಾಕಿದ ಎಂದು ಲಲಾಂಡ್ ದಾಖಲಿಸಿದ್ದಾನೆ. ಲಲಾಂಡ್ ಹಾಗೆ ಬರೆದಿಡದಿದ್ದರೆ ನಾನು ಈ ಪ್ಯಾರಾ ಬರೆಯುತ್ತಿರಲಿಲ್ಲ.

ಆಕೆ ಸುಮ್ಮನೆ ಕೂರಲಿಲ್ಲ. 1764ರ ಏಪ್ರಿಲ್ 1ರ ಸೂರ್ಯಗ್ರಹಣ ಯುರೋಪಿನ ಯಾವ ಊರಿನಲ್ಲಿ ಹೇಗೆ ಕಾಣುತ್ತದೆಂದು ಗುಣಿಸಿ ನಕ್ಷೆ ಪ್ರಕಟಿಸಿದಳು. ಖಗೋಳ ಪಂಚಾಂಗಕ್ಕೆ ವರ್ಷಗಟ್ಟಲೆ ಗ್ರಹಸ್ಥಾನ ಗುಣಿಸಿದಳು. ಕೊನೆಗಾಲದಲ್ಲಿ ಕಾಯಿಲೆ ಬಿದ್ದ ಗಂಡನ ಆರೈಕೆ ಮಾಡುತ್ತಾ 1788ರಲ್ಲಿ ತೀರಿಕೊಂಡಳು. ಚಂದ್ರನ ಮೇಲೆ ಆಕೆಯ ಹೆಸರಿನ ಒಂದು ಪುಟ್ಟ ಕುಳಿ ಇದೆ.

ಹೆಸರು ಬರೆದಿಡೋಣ

ಹ್ಯಾಲಿ ಧೂಮಕೇತು ಕಳೆದ ಸಲ ಬಂದದ್ದು 1986ರಲ್ಲಿ. ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬೆಳಗಿನ ಜಾವ ಮಗಳನ್ನು ಶಾಲು ಹೊದಿಸಿ ಎತ್ತಿಕೊಂಡು ಟೆರೇಸಿನಲ್ಲಿ ನಿಂತಿದ್ದೆ. ಕಂಡದ್ದು ಹತ್ತಿಯ ಎಳೆಯಷ್ಟು ಮಸುಕು ಬೆಳಕು. ಸೂರ್ಯನ ಸಮೀಪ ಅದರ ವೇಗ ಸೆಕೆಂಡಿಗೆ ಸುಮಾರು 54 ಕಿ.ಮೀ. ದೂರದ ತುದಿಯಲ್ಲಿ, ಸೂರ್ಯನಿಂದ ಸುಮಾರು 525 ಕೋಟಿ ಕಿ.ಮೀ. ಆಚೆ, ಒಂದು ಕಿ.ಮೀ.ಗೂ ಕಡಿಮೆ. 2023ರ ಡಿಸೆಂಬರಿನಲ್ಲಿ ಆ ತುದಿ ಮುಟ್ಟಿ ಈಗ ಮರಳಿ ಹೊರಟಿದೆ. 2061ರಲ್ಲಿ ಬರುತ್ತದೆ. ಮೊಮ್ಮಗಳಿಗೆ ಆಗ ನಲವತ್ತು ದಾಟಿರುತ್ತದೆ.

ಈ ಲೇಖನಕ್ಕೆ ಓದುತ್ತಿದ್ದಾಗ ನಮ್ಮ ಮನೆಯಲ್ಲಿದ್ದ ಹಳೆಯ ಸ್ಮರಣ ಸಂಚಿಕೆಗಳನ್ನೂ ತಿರುವಿದೆ. ರಾಜ್ಯೋತ್ಸವದ ಊಟದ ಲೆಕ್ಕ, ನಾಟಕದ ಟಿಕೆಟ್ಟಿನ ಲೆಕ್ಕ, ಕನ್ನಡ ತರಗತಿಯ ಹಾಜರಿ: ಇವನ್ನೆಲ್ಲ ಬರೆದವರು ಯಾರೆಂದು ನನಗೆ ಗೊತ್ತು. ಎಷ್ಟೋ ರಾತ್ರಿ ಅವರ ಪಕ್ಕದಲ್ಲಿ ಕುಳಿತು ಚಿಲ್ಲರೆ ಎಣಿಸಿದ್ದೇನೆ. ಅಚ್ಚಾದದ್ದು “ಮಹಿಳೆಯರೂ ಸಹಕರಿಸಿದರು” ಎಂಬ ಒಂದೇ ಸಾಲು. ಯಾರೂ ಕೆಟ್ಟ ಮನಸ್ಸಿನಿಂದ ಬಿಟ್ಟದ್ದಲ್ಲ. ಬರೆಯಬೇಕು ಎಂದು ತೋಚಲಿಲ್ಲ, ನಾವೂ ಕೇಳಲಿಲ್ಲ. ಅವರಲ್ಲಿ ಇಬ್ಬರು ಈಗ ಇಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಆ ಹೆಸರುಗಳ ಪಟ್ಟಿ ಮಾಡೋಣವೇ? ನೆನಪಿರುವವರು ಒಂದೊಂದು ಹೆಸರು, ಮಾಡಿದ ಕೆಲಸ, ವರ್ಷ ಬರೆದುಕೊಂಡು ಬನ್ನಿ. ಮೊಮ್ಮಗಳಿಗೆ ನಾನು ಫೋನು ಮಾಡಿ ಹೇಳಿದ್ದಾಯಿತು: ತಪ್ಪು ಹೇಳಿದ್ದೆ ಪುಟ್ಟಿ, ಅಜ್ಜಿಯರಿದ್ದರು. ಮೂರೂ ಹೆಸರು ಕೇಳಿ ಬರೆದುಕೊಂಡಳು. ಕಾಗುಣಿತ ಕೇಳಿ, ಎರಡು ಸಲ ತಿದ್ದಿಕೊಂಡಳು.